ಒಂದೂವರೆ ಸುತ್ತು

ನೂರಡಿ ರಸ್ತೆಯ ನಡುವೆ ಕಾರು ನಿಂತಾಗ
ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯಲಿಲ್ಲ,
ಇಳಿದು ಬಂದು ತಳ್ಳಿದ.
‘ಅಕ್ಕಾ, ಉಸ್ರು ಕಟ್ಕಂಡದೆ ಇದ್ಕೆ.
ಗುತ್ತಲು ರೋಡು, ಇನಾಯತ್ ಸಾಬ್ರ ಅಂಗ್ಡಿ.’

ಎಂಬತ್ತೊಂದರ ಪದ್ಮಿನಿ. ಕೆನೆ ಬಣ್ಣ.
ಕೆಮಿಸ್ಟ್ರಿ ಮೇಷ್ಟ್ರು ರಿಟೈರಾಗುವಾಗ
ಲ್ಯಾಬ್ ಅಟೆಂಡರ್ ನನಗೆ ಕಂತಿನಲ್ಲಿ ಮಾರಿದ್ದು.
ಕೊನೆಯ ಎರಡು ಕಂತು ಅವರೇ ಮರೆತರು;
ನಾನು ಮರೆತಿಲ್ಲ, ನೆನಪಿಸಲೂ ಇಲ್ಲ.

ಬಾನೆಟ್ಟು ಎತ್ತಿ ಸಾಬರು ಮೊದಲು ಮೂಸಿದರು.
ಏರ್ ಕ್ಲೀನರಿನ ಡಬ್ಬಿ ಬಿಚ್ಚಿ ತೋರಿಸಿದರು:
ಮಡಿಕೆ ಮಡಿಕೆಯಲ್ಲೂ ಮಂಡ್ಯ.
ಸುಟ್ಟ ಕಬ್ಬಿನ ಗರಿಯ ಕರಿ, ಆಲೆಮನೆಯ ಬೂದಿ,
ಒಂದು ನೊಣ, ರೆಕ್ಕೆ ಸಮೇತ.

ಕಾರ್ಬುರೇಟರು ಬಿಚ್ಚಿದರೆ ಅಂಗೈಯಗಲದ ಸಂಸಾರ.
ಪುಟ್ಟ ತೊಟ್ಟಿ; ತೊಟ್ಟಿಯಲ್ಲಿ
ನಾಲೆಗೆ ಈಜು ಕಲಿಯಲು ಹೋದ ಹುಡುಗರ
ಬೆನ್ನಿನ ಸೋರೆಬುರುಡೆಯಂತೆ ತೇಲುವ ಫ್ಲೋಟು;
ಅದು ಎದ್ದರೆ ಬಾಗಿಲು ಹಾಕುವ ಸೂಜಿ;
ಸಾಸಿವೆಯೂ ತೂರದ ಕಣ್ಣಿನ ಜೆಟ್ಟು.

ಹುಡುಗ ಚಲುವ ಜೆಟ್ಟಿಗೆ ತಂತಿ ಹಾಕಲು ಹೋದ.
ಕೈ ಮೇಲೆ ಬಿತ್ತು ಏಟು:
‘ಕಣ್ಣು ದೊಡ್ದಾದ್ರೆ ಗಾಡಿ ಕುಡುಕ ಆಯ್ತದೆ ಕಣ್ಲಾ.’
ತಾವೇ ತುಟಿಗಿಟ್ಟು ಊದಿದರು.
ಆಚೆ ಬದಿಯಲ್ಲಿ ನನ್ನ ಅಂಗೈಗೆ
ಒಂದೆಳೆ ತಣ್ಣನೆ ಗಾಳಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.
ಸುಮ್ಮನಿದ್ದರು. ಮತ್ತೆ ಅಲ್ಲಾಡಿಸಿದರು.
ನನ್ನ ಕಡೆ ಚಾಚಿದರು:
‘ನೋಡಿ ಮೇಡಮ್ಮಾರೆ, ಒಳಗೆ ಪೆಟ್ರೋಲ್ ಕುಲುಕ್ತದಾ?’

ಆಗ ಗೊತ್ತಾಯಿತು.
ನಲವತ್ತು ವರ್ಷದ ಸೈಲೆನ್ಸರುಗಳು ಸೇರಿ
ಆ ಕಿವಿಗಳನ್ನು ತಿಂದು ಮುಗಿಸಿದ್ದವು.
ಇಲ್ಲವೆಂದು ತಲೆಯಾಡಿಸಿದೆ. ಫ್ಲೋಟು ಸಾಚಾ.

ತಪ್ಪಿದ್ದದ್ದು ಬೇರೆ ಕಡೆ.
ಥ್ರಾಟಲ್ಲಿನ ಕಡ್ಡಿ ಹೊರಳಿ ಹೊರಳಿ
ತಾನಿದ್ದ ತೂತನ್ನೇ ಮೊಟ್ಟೆಯಾಕಾರ ಮಾಡಿಕೊಂಡಿತ್ತು.
‘ಕಳ್ಳಗಾಳಿ’ ಅಂದರು ಸಾಬರು,
‘ಲೆಕ್ಕಕ್ಕೆ ಸಿಕ್ಕಕ್ಕಿಲ್ಲ. ಎಷ್ಟ್ ತಿರುವಿದ್ರೂ
ಇನ್ಮೇಲೆ ಇದು ಮಾತು ಕೇಳಕ್ಕಿಲ್ಲ. ಬದ್ಲಾಯ್ಸಿ ಬುಡಿ.’

ಹೊಸದು ಮೈಸೂರಿನ ಅಶೋಕ ರಸ್ತೆಯಿಂದ
ಕಂಡಕ್ಟರ್ ಸೀಟಿನ ಕೆಳಗೆ ಕೂತು ಬಂತು.
ಮೂರು ಸಾವಿರದ ಆರುನೂರು.
ಕರಿ ಎಂಜಿನ್ನಿನ ಮೇಲೆ ಅದೊಂದೇ ಥಳಥಳ,
ಬೀಗರ ಮನೆಯಲ್ಲಿ ಮೊದಲ ದಿನದ ಅಳಿಯ.
ಕೆಳಗೆ ಹೊಸ ಗ್ಯಾಸ್ಕೆಟ್ಟು; ಎರಡು ನಟ್ಟನ್ನೂ
ಸರದಿಯಲ್ಲಿ, ಚೂರು ಚೂರೇ ಬಿಗಿದರು.

‘ಸ್ಕ್ರೂ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಬೇಕು.
ಅಲ್ಲಿಂದಾಚೆಗೆ ಲೆಕ್ಕ ಇಲ್ಲ, ಕಿವಿ.’
ಉದ್ದನೆ ಸ್ಕ್ರೂಡ್ರೈವರಿನ ಹಿಡಿ ಹಲ್ಲಿನಲ್ಲಿ ಕಚ್ಚಿ
ತುದಿಯನ್ನು ಎಂಜಿನ್ನಿಗೊತ್ತಿ ಕಣ್ಣು ಮುಚ್ಚಿದರು.
ತೆಗೆದರು. ‘ನಡುಕ ಸಿಗ್ತದೆ, ಸದ್ದು ಸಿಗ್ತಿಲ್ಲ.
ನೀವು ಕೇಳಿ. ಸರಿಹೋದಾಗ ಕೈ ಎತ್ತಿ.’

ನಾನೇ?
ಇಪ್ಪತ್ತಾರು ವರ್ಷ ಬ್ಯೂರೆಟ್ಟು ತೊಳೆದವಳು.
ಬಣ್ಣವಿಲ್ಲದ್ದು ನಸುಗುಲಾಬಿಯಾಗಿ ನಿಲ್ಲುವ
ಆ ಒಂದು ಹನಿ ನನಗೆ ಗೊತ್ತು.
ಅದರ ಮುಂದಿನ ಹನಿಯೂ ಗೊತ್ತು,
ಪರೀಕ್ಷೆಯ ದಿನ ಹುಡುಗಿಯರು ಕಣ್ಣೊರೆಸಿಕೊಂಡು
ಮೊದಲಿಂದ ಶುರು ಮಾಡುವುದು.

ಎಂಜಿನ್ನು ಗೊಣಗಿತು. ಎಡವಿತು.
ಕಾಲು ಸುತ್ತು. ಅಲ್ಲ.
ಹಿಂದಕ್ಕೆ. ಅಲ್ಲ, ಇನ್ನೊಂದು ಕೂದಲೆಳೆ.
ಪಾಕ ಎಳೆಗೆ ಬಂದ ಹಾಗೆ
ಸದ್ದು ಒಂದೇ ಎಳೆಯಾಯಿತು.
ಎತ್ತಿದೆ ಕೈ.
ಸಾಬರು ನೋಡುತ್ತಿದ್ದದ್ದು ನನ್ನ ಕೈಯನ್ನೇ,
ಎಂಜಿನ್ನನ್ನಲ್ಲ.

ಹಳೆಯದು ಗುಜರಿಗೆ. ಜೆಟ್ಟು ಮಾತ್ರ ಬಿಚ್ಚಿ
ಜರ್ದಾ ಡಬ್ಬಿಗೆ ಹಾಕಿಕೊಂಡರು,
ಯಾರ ಗಾಡಿಗಾದರೂ ಆಗುತ್ತದಂತೆ.

ಭಾನುವಾರ ಚಲುವನ ಫೋನು:
‘ಮದ್ದೂರಿಂದ ಒಂದ್ ಅಂಬಾಸಡರ್ ಬಂದದೆ.
ಸಾಬ್ರು ಕೇಳ್ತಾವ್ರೆ,
ಒಂದ್ ಗಳ್ಗೆ ಬಂದು ಕಿವಿ ಕೊಟ್ಟು ಹೋದಾರಾ ಅಂತ.’
ಸಾರು ಇನ್ನೂ ಅರ್ಧ ಕುದಿದಿತ್ತು.
ಒಲೆ ಆರಿಸಿದೆ.
ಕಾರಿನ ಕೀಲಿ ಎಲ್ಲಿಟ್ಟೆ?